ಕಲಬುರಗಿಯ ಬಾವಿಯಿಂದ ಅಂಡಮಾನಿನ ಭರತ್‌ಪುರದ ಹವಳದ ದಿಬ್ಬಕ್ಕೆ: ನನ್ನ ಅನುಭವ

ದೋಣಿಯನ್ನೂ ಗೈಡನ್ನೂ ಬಾಡಿಗೆಗೆ ಹಿಡಿಯದೆ, ದಂಡೆಯಿಂದಲೇ ನಡೆದು ನೀರಿಗಿಳಿದು, ಉಸಿರಿನ ಕೊಳವೆಯಾದ ಸ್ನಾರ್ಕೆಲ್ ಕಚ್ಚಿಕೊಂಡು ಜೀವಂತ ಹವಳದ ಮೇಲೆ ಗಂಟೆಗಟ್ಟಲೆ ತೇಲಿ ಬರಬಹುದು, ಅದಕ್ಕೆ ಬೇಕಾದ ತಯಾರಿಯನ್ನು ಕಲಬುರಗಿಯ ಹೊಲದ ಬಾವಿಯಲ್ಲೇ ಮಾಡಿಕೊಳ್ಳಬಹುದು ಎಂದು ನಾನು ಹೇಳುತ್ತಾ ಬಂದಾಗ ನಮ್ಮ ಈಜಿನ ಬಳಗದಲ್ಲಿ ನಂಬಿದವರು ಕಡಿಮೆ. "ಕಾಕಾ, ಬಾವ್ಯಾಗ ಈಸೋದ್ ಬ್ಯಾರೆ, ದರ್ಯಾ ಬ್ಯಾರೆ ಅದ" ಎಂದು ನಕ್ಕವರಲ್ಲಿ ಮೂವರು ಕಳೆದ ಫೆಬ್ರುವರಿಯಲ್ಲಿ ನನ್ನ ಜೊತೆಗೇ ಬಂದು, ನನಗಿಂತ ಹೆಚ್ಚು ಹೊತ್ತು ನೀರಿನಲ್ಲಿದ್ದರು. ಈಜು, ಮಾಸ್ಕ್ (ಕಣ್ಣು-ಮೂಗು ಮುಚ್ಚುವ ಗಾಜಿನ ಮುಖವಾಡ), ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಇವುಗಳ ಪರಿಚಯ ಇರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ಮೊದಲ ಪಾಠಗಳನ್ನು ಬಿಟ್ಟಿದ್ದೇನೆ.

ಜಾಗದ ಆಯ್ಕೆಯಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ. ನಮ್ಮ ರಾಜ್ಯದ ನೇತ್ರಾಣಿ ದ್ವೀಪಕ್ಕೆ ಮುರ್ಡೇಶ್ವರದಿಂದ ದೋಣಿಯಲ್ಲಿಯೇ ಹೋಗಬೇಕು, ಮಹಾರಾಷ್ಟ್ರದ ಮಾಲವಣದಲ್ಲಿಯೂ ದೋಣಿಯವರ ಗಡಿಯಾರಕ್ಕೆ ತಕ್ಕಂತೆ ನೀರಿಗೆ ಬಿದ್ದು ಏಳಬೇಕು. ಲಕ್ಷದ್ವೀಪದ ಲಗೂನುಗಳು (ಹವಳದ ದಿಬ್ಬದ ಒಳಗಿನ ಶಾಂತ ಕಡಲನೀರು) ದಂಡೆಗೇ ಹತ್ತಿಕೊಂಡಿವೆ, ಆದರೆ ಅಲ್ಲಿಗೆ ಪರವಾನಗಿ ಪಡೆಯುವ ಓಡಾಟ ನಮ್ಮಂಥ ರಜೆ ಎಣಿಸುವವರಿಗೆ ಹೊಂದುವುದಿಲ್ಲ. ಉಳಿದದ್ದು ಅಂಡಮಾನಿನ ನೀಲ್ ದ್ವೀಪ, 2018ರಿಂದ ಶಹೀದ್ ದ್ವೀಪ ಎಂದು ಕರೆಯಲಾಗುತ್ತಿರುವುದು. ಅಲ್ಲಿನ ಜೆಟ್ಟಿಯಿಂದ ನಡೆದೇ ತಲುಪುವ ಭರತ್‌ಪುರ ದಂಡೆಯಲ್ಲಿ ಮೊದಲು ಮರಳು ಮತ್ತು ಕಡಲಹುಲ್ಲು, ಆಮೇಲೆ ಮುರಿದ ಹವಳದ ಹರಳು, ಅದನ್ನು ದಾಟಿದ ಮೇಲೆ, ನನ್ನ ಅಂದಾಜಿನಲ್ಲಿ ದಂಡೆಯಿಂದ 150–200 ಮೀಟರಿನ ಆಚೆ, ಜೀವಂತ ಹವಳ ಸಿಗುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಸ್ವಲ್ಪ ಹೊತ್ತು ತೇಲಿ "ಇಲ್ಲಿ ಬರೀ ಸತ್ತ ಹವಳ" ಎಂದು ಹಿಂದಿರುಗುವವರೆಲ್ಲ ಈ ಮೂರನೆಯ ಪಟ್ಟಿಯನ್ನು ತಲುಪದವರು. ದೋಣಿಯಿಲ್ಲದೆ ಏನೂ ಕಾಣುವುದಿಲ್ಲ ಎಂದು ದಂಡೆಯ ಮೇಲೆ ನಮಗೆ ಹೇಳಿದವರಿಗೆ ಆ ಮಾತಿನಿಂದ ಲಾಭವಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾವಿಯ ಪರವಾಗಿ ನನ್ನ ವಾದ ಸರಳವಾಗಿದೆ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಭಾರ. ಎಪ್ಪತ್ತು ಕಿಲೋ ತೂಕದ ಮನುಷ್ಯನಿಗೆ ಅಲ್ಲಿ ಒಂದೂಮುಕ್ಕಾಲು ಕಿಲೋದಷ್ಟು ಹೆಚ್ಚಿನ ಎತ್ತುಗೆ ಪುಕ್ಕಟೆಯಾಗಿ ಸಿಗುತ್ತದೆ. ಬಾವಿಯಲ್ಲಿ ಜಾಕೆಟ್ ಇಲ್ಲದೆ, ಮುಖ ನೀರಿನಲ್ಲಿಟ್ಟು, ಕೈ ಆಡಿಸದೆ ಇಪ್ಪತ್ತು ನಿಮಿಷ ತೇಲುವವನು ಕಡಲಲ್ಲಿ ಮುಳುಗಬೇಕೆಂದರೂ ಕಷ್ಟಪಡಬೇಕು. ಜೇವರ್ಗಿ ರಸ್ತೆಯ ಕಡೆ ನಮ್ಮ ಮಾವನವರ ಹೊಲದಲ್ಲಿ ಮೆಟ್ಟಿಲಿರುವ ಬಾವಿಯಿದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅದರಲ್ಲಿ ಎರಡಾಳು ನೀರು ನಿಲ್ಲುತ್ತದೆ. ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದೆವು. ಬಾವಿಯಲ್ಲಿ ಅಲೆ ಇರುವುದಿಲ್ಲ ಎಂಬ ಆಕ್ಷೇಪಕ್ಕೆ ಊರಿನ ಹುಡುಗರೇ ಉತ್ತರವಾದರು: ಐದಾರು ಜನ ಒಬ್ಬರ ಹಿಂದೊಬ್ಬರು ಮೆಟ್ಟಿಲಿಂದ ಹಾರುತ್ತಿದ್ದರೆ ಕಲ್ಲುಗೋಡೆಗೆ ಬಡಿದು ತಿರುಗುವ ನೀರು ಭರತ್‌ಪುರದ ಅಲೆಗಿಂತ ಒರಟಾಗಿರುತ್ತದೆ. ಹೇಳದೆ ಕೇಳದೆ ಸ್ನಾರ್ಕೆಲಿನ ಬಾಯಿಗೆ ತಂಬಿಗೆಯಿಂದ ನೀರು ಸುರಿಯುವ ಕೆಲಸವನ್ನೂ ಅವರಿಗೇ ವಹಿಸಿದ್ದೆ. ನಾಲ್ಕನೆಯ ವಾರಕ್ಕೆ ಎಲ್ಲರೂ ಆ ನೀರನ್ನು ಒಂದೇ ಊದಿಗೆ ಹೊರಹಾಕಿ, ತಲೆ ಎತ್ತದೆ ಉಸಿರು ಮುಂದುವರಿಸುತ್ತಿದ್ದರು.

ಉಪ್ಪಿನ ಅಭ್ಯಾಸ ಬೇರೆಯಾಗಿ ಮಾಡಿಸಿದೆ. ಹತ್ತು ಲೀಟರಿನ ಬಕೆಟ್ಟಿಗೆ 350 ಗ್ರಾಂ ಹರಳುಪ್ಪು ಕರಗಿಸಿದರೆ ಕಡಲಿನ ಉಪ್ಪಿನ ಮಟ್ಟಕ್ಕೆ ಬರುತ್ತದೆ. ಅದರಲ್ಲಿ ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ, ಬರೀ ಸ್ನಾರ್ಕೆಲಿನಿಂದ ಎರಡು ನಿಮಿಷ ಉಸಿರಾಡುವುದು. ಮೂಗಿಗೆ ಉಪ್ಪುನೀರು ತಾಗಿದ ಕೂಡಲೇ ಎದೆ ಬಿಗಿಹಿಡಿಯುವುದೇ ಹೊಸಬರ ದೊಡ್ಡ ತೊಂದರೆ, ಆ ತೊಂದರೆಯನ್ನು ಅಂಗಳದಲ್ಲಿಯೇ ಮುಗಿಸಿಕೊಂಡು ಹೋಗುವುದು ಲೇಸು. ಉಸಿರನ್ನು ನಿಧಾನಿಸಲು ಗೆಳೆಯರೊಬ್ಬರು ಒಳಗೊಳಗೇ ಷಡಕ್ಷರಿ ಮಂತ್ರ ಹೇಳಿಕೊಳ್ಳುತ್ತಿದ್ದರು, ಒಳಕ್ಕೆ ಒಂದು ಸಲ, ಹೊರಕ್ಕೆ ಎರಡು ಸಲ. ನಾನು ಕೊಟ್ಟಿದ್ದ ಎಣಿಕೆಗಿಂತ ಅದೇ ಚೆನ್ನಾಗಿ ಹೊಂದಿತು, ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ನಡುವೆ ಶಹಾಬಾದ್ ಕಡೆಯ, ನೀರು ತುಂಬಿದ ಹಳೆಯ ಪರಸಿ ಕಲ್ಲಿನ ಗಣಿಯೊಂದರಲ್ಲಿಯೂ ಪ್ರಯತ್ನಿಸಿ ನೋಡಿದೆವು. ನೀರು ಬಾವಿಗಿಂತ ಎಷ್ಟೋ ತಿಳಿಯಾಗಿತ್ತು, ಮಾಸ್ಕಿನ ಸೋರಿಕೆ ಮತ್ತು ಗಾಜಿಗೆ ಕಟ್ಟುವ ಮಂಜನ್ನು ಪರೀಕ್ಷಿಸಲು ಅನುಕೂಲವಾಯಿತು. ಆದರೆ ದಡ ಗೋಡೆಯಂತೆ ನೇರವಾಗಿ ಇಳಿಯುತ್ತದೆ, ಹಾಸುಗಲ್ಲುಗಳು ಸಡಿಲವಾಗಿರುತ್ತವೆ, ದಣಿದವನು ಹತ್ತಿ ಬರಲು ಜಾಗವೇ ಇರುವುದಿಲ್ಲ. ಆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದೆ, ಬೇರೆಯವರು ಮಾಡುವುದೂ ಬೇಡ. ನಮ್ಮ ಮನೆಗಳ ನೆಲಕ್ಕೆ ಹಾಸುವ ಆ ಸುಣ್ಣಕಲ್ಲಿನ ಹುರುಳೂ ಹವಳದ ಅಸ್ಥಿಯ ಹುರುಳೂ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಭೀಮಾ ಕಣಿವೆಯ ಈ ಕಲ್ಲು ಮಾತ್ರ ಐವತ್ತು ಕೋಟಿ ವರ್ಷಕ್ಕೂ ಹಿಂದೆ, ಲೋಕದಲ್ಲಿ ಹವಳದ ದಿಬ್ಬಗಳೇ ಇಲ್ಲದ ಕಾಲದಲ್ಲಿ, ಇಲ್ಲಿದ್ದ ಕಡಲಿನ ತಳದಲ್ಲಿ ಪದರಗಟ್ಟಿದ್ದು. ಕಡಲಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಅವರ ಕಾಲಕೆಳಗಿನ ನೆಲವನ್ನು ತೋರಿಸುತ್ತೇನೆ.

ಹಣ ಹೆಚ್ಚು ಹಾಳಾದದ್ದು ಮಾಸ್ಕಿನ ವಿಷಯದಲ್ಲಿ. ಏಳುನೂರು ರೂಪಾಯಿಯ ಮಾಸ್ಕ್-ಸ್ನಾರ್ಕೆಲ್ ಜೋಡಿಗಳನ್ನು ತರಿಸಿದ್ದೆವು. ಒಂದೇ ಚಳಿಗಾಲದಲ್ಲಿ ಅವುಗಳ ಅಂಚು ಗಟ್ಟಿಯಾಗಿ, ಎಲ್ಲವೂ ಸೋರತೊಡಗಿದವು. ಇಡೀ ಮುಖ ಮುಚ್ಚುವ ಮಾಸ್ಕಿಗೆ ಒಬ್ಬರು ಎರಡೂವರೆ ಸಾವಿರ ಕೊಟ್ಟರು. ಅದರಲ್ಲಿ ಮೂಗು ಹಿಡಿದು ಕಿವಿ ಸಡಿಲಿಸಿಕೊಳ್ಳಲು ಆಗುವುದಿಲ್ಲ, ಜೋರಾಗಿ ಕಾಲು ಬಡಿದರೆ ಬಿಟ್ಟ ಉಸಿರೇ ತಿರುಗಿ ಬಂದಂತಾಗಿ ತಲೆ ಭಾರವಾಗುತ್ತದೆ. ಅದು ಈಗ ಅವರ ಮಕ್ಕಳ ಆಟಿಕೆ. ಕನ್ನಡಕದವರ ಕಥೆ ಇನ್ನೂ ದೊಡ್ಡದು. ನನಗೆ ಮೈನಸ್ ನಾಲ್ಕು. ಊರಿನ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕೊಯ್ಯಿಸಿ ಮಾಸ್ಕಿನ ಒಳಮೈಗೆ ಅಂಟಿಸಿದಾಗ ಬಾವಿಯಲ್ಲಿ ಅದ್ಭುತವಾಗಿತ್ತು; ಉಪ್ಪುನೀರಿನ ಬಕೆಟ್ಟಿನಲ್ಲಿ ಎರಡು ದಿನ ನೆನೆಸಿದಾಗ ಅಂಟು ಬಿಟ್ಟು, ಎರಡು ಗಾಜಿನ ನಡುವೆ ನೀರಿನ ಪೊರೆ ನಿಂತಿತು. ಕೊನೆಗೆ ಅರ್ಧರ್ಧ ಪವರಿನ ಅಂತರದಲ್ಲಿ ಸಿದ್ಧ ಗಾಜು ಸಿಗುವ ಮಾಸ್ಕನ್ನು ಸುಮಾರು ನಾಲ್ಕು ಸಾವಿರಕ್ಕೆ ತರಿಸಿದೆ. ನೀರಿನೊಳಗೆ ಎಲ್ಲವೂ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ದೊಡ್ಡದಾಗಿ ಕಾಣುವುದರಿಂದ ಅರ್ಧ ಪವರ್ ಕಡಿಮೆಯಿದ್ದರೂ ನಡೆಯುತ್ತದೆ.

ಮೀಸೆಯ ಪ್ರಶ್ನೆ ನಮ್ಮ ಕಡೆ ಸಣ್ಣದಲ್ಲ. ಮೂಗಿನ ಕೆಳಗೆ ಮಾಸ್ಕಿನ ಅಂಚು ಚರ್ಮದ ಮೇಲೆ ಕೂರಬೇಕು, ಕೂದಲಿನ ಮೇಲೆ ಕೂತರೆ ನೀರು ಒಳನುಗ್ಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಮೆತ್ತಿದಾಗ ಸೋರಿಕೆ ನಿಂತಿತಾದರೂ ಮಾಸ್ಕಿನ ಅಂಚು ಜಿಗುಟಾಯಿತು. ಮೀಸೆಯ ಮೇಲ್ಭಾಗದಲ್ಲಿ, ಮೂಗಿಗೆ ಹತ್ತಿ, ಬೆರಳಿನ ಅರ್ಧದಷ್ಟು ಅಗಲದ ಪಟ್ಟಿಯನ್ನು ಮಾತ್ರ ಬೋಳಿಸಿಕೊಂಡರೆ ಸಾಕು, ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಒಬ್ಬರು ಇದಕ್ಕೂ ಒಪ್ಪದೆ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಮಾಸ್ಕಿನ ನೀರು ಚೆಲ್ಲುತ್ತಲೇ ಹವಳ ನೋಡಿದರು, ಅದು ಅವರ ಇಷ್ಟ.

ಮಂಜು ಕಟ್ಟುವುದಕ್ಕೆ ಟೂತ್‌ಪೇಸ್ಟ್ ಉಜ್ಜುವುದು, ಮಕ್ಕಳ ಶಾಂಪೂ ಹಚ್ಚುವುದು ಎಲ್ಲರಿಗೂ ಗೊತ್ತಿರುವಂಥದ್ದೇ. ನಾನು ಅಂಟವಾಳದ ನೊರೆಯನ್ನು ಪ್ರಯತ್ನಿಸಿದೆ: ಗಾಜು ನಿಚ್ಚಳವಾಗಿತ್ತು, ಕಣ್ಣು ಕೆಂಡವಾಯಿತು. ಸೀಗೆಕಾಯಿ ಅದಕ್ಕಿಂತ ಕೆಟ್ಟದು. ಲೋಳೆಸರ ಅರ್ಧ ಗಂಟೆ ಮಟ್ಟಿಗೆ ಪರವಾಗಿಲ್ಲ. ಈಗ ಲೋಳೆಸರದೊಡನೆ ಅಡುಗೆಮನೆಯ ಇನ್ನೊಂದು ಸಾಮಾನನ್ನು ಬೆರೆಸಿ ಸಣ್ಣ ಬಾಟಲಿಯಲ್ಲಿ ಒಯ್ಯುತ್ತೇನೆ, ಒಂದೂವರೆ ಗಂಟೆ ಮಂಜು ಹತ್ತಿರ ಸುಳಿಯುವುದಿಲ್ಲ. ಆ ಸಾಮಾನು ಯಾವುದೆಂದು ಬಾವಿಗೆ ಬಂದವರಿಗೆ ಮಾತ್ರ ಹೇಳುತ್ತೇನೆ.

ಇನ್ನು ದಿನದ ಆಯ್ಕೆ, ನನ್ನ ವಿಧಾನದ ಜೀವಾಳ. ಪ್ರವಾಸದವರು ರಜೆ ನೋಡಿ ಟಿಕೆಟ್ ಮಾಡಿಸುತ್ತಾರೆ, ನಾನು ಪಂಚಾಂಗ ನೋಡಿ ಮಾಡಿಸುತ್ತೇನೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ-ಇಳಿತಗಳ ಅಂತರ ದೊಡ್ಡದು, ಸೆಳೆತವೂ ಜೋರು. ಇಳಿತದಲ್ಲಿ ಹವಳದ ಮೇಲೆ ಗೇಣುದ್ದ ನೀರೂ ಉಳಿಯದೆ, ತೇಲಲು ಹೋದವನ ಹೊಟ್ಟೆ ಹವಳಕ್ಕೆ ಉಜ್ಜುತ್ತದೆ. ಅಷ್ಟಮಿಯ ಸುತ್ತಮುತ್ತ ಅಂತರ ಚಿಕ್ಕದು, ನೀರು ಶಾಂತ. ಹಾಗಾದರೆ ಅಷ್ಟಮಿಗೇ ಹೋಗಬೇಕೆಂದು ನಾವೂ ಮೊದಲು ಹೋದೆವು. ಅಂದು ಉಬ್ಬರ ಮಧ್ಯಾಹ್ನದ ಮೇಲೆ ಬಂದಿತ್ತು, ಅಷ್ಟು ಹೊತ್ತಿಗೆ ಗಾಜಿನ ತಳದ ದೋಣಿಗಳು, ಜೆಟ್ ಸ್ಕೀಗಳು ಎಲ್ಲವೂ ನೀರಿನಲ್ಲಿದ್ದವು. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಅಲ್ಲಿ ನಾನು ಗುರುತು ಹಾಕಿಕೊಂಡ ಮಟ್ಟಿಗೆ ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಪೂರ್ಣ ಉಬ್ಬರ ಬೆಳಿಗ್ಗೆ ಒಂಬತ್ತು-ಹತ್ತರ ನಡುವೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ದ್ವಾದಶಿ-ತ್ರಯೋದಶಿಗಳಲ್ಲಿ ಅದು ಏಳು-ಏಳೂವರೆಗೆ ಬರುತ್ತದೆ, ಸೆಳೆತವೂ ಇನ್ನೂ ಪೂರ್ತಿ ಏರಿರುವುದಿಲ್ಲ. ಅಂಡಮಾನಿನಲ್ಲಿ ಫೆಬ್ರುವರಿಯಲ್ಲಿ ಐದೂವರೆ-ಆರಕ್ಕೆಲ್ಲ ಬೆಳಗಾಗಿರುತ್ತದೆ. ಆರಕ್ಕೆ ನೀರಿಗಿಳಿದರೆ ಏರುತ್ತಿರುವ ಉಬ್ಬರ ಹೊರಗಡಲಿನ ತಿಳಿನೀರನ್ನು ತರುತ್ತಿರುತ್ತದೆ, ದೋಣಿಗಳು ಇನ್ನೂ ದಂಡೆಯಲ್ಲಿರುತ್ತವೆ. ಇಳಿತ ಶುರುವಾಗಿ ನೀರು ಮರಳಿನಿಂದ ಮಸುಕಾಗುವ ಮೊದಲು ನಾವು ಹೊರಬಂದಿರುತ್ತೇವೆ. ಶುಕ್ಲಪಕ್ಷವಾದರೂ ಸರಿ, ಕೃಷ್ಣಪಕ್ಷವಾದರೂ ಸರಿ, ಅಧಿಕಮಾಸವಿದ್ದರೂ ಲೆಕ್ಕ ತಪ್ಪುವುದಿಲ್ಲ. ಹೊರಡುವ ಮುನ್ನ ಭಾರತೀಯ ಸರ್ವೇಕ್ಷಣ ಇಲಾಖೆಯ ಉಬ್ಬರ-ಇಳಿತದ ಪಟ್ಟಿಯೊಂದಿಗೆ ತಾಳೆ ನೋಡಿ, ಅಲೆ ಮತ್ತು ಗಾಳಿಯ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯಿಸ್ (ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ) ಸಂಸ್ಥೆಯಿಂದ ತೆಗೆದುಕೊಳ್ಳಬೇಕು. ಇಡೀ ದೇಶದ ಕಡಲಿನ ಮುನ್ಸೂಚನೆ ನಮ್ಮಂತೆಯೇ ಕಡಲಿಲ್ಲದ ಊರಿನಿಂದ ಹೊರಡುತ್ತದೆ ಎಂಬುದು ನಕ್ಕವರಿಗೆ ನಾನು ಕೊಟ್ಟ ಇನ್ನೊಂದು ಉತ್ತರ.

ಇಳಿಯುವಾಗ ಹವಳದ ಮೇಲೆ ಕಾಲಿಡುವ ಪ್ರಶ್ನೆಯೇ ಬರಬಾರದು. ಹಿಂದಿನ ದಿನ ಇಳಿತದ ಹೊತ್ತಿನಲ್ಲಿ ದಂಡೆಯ ಮೇಲೆ ನಡೆದು, ಹವಳಗಳ ನಡುವೆ ಆಳಕ್ಕೆ ಹೋಗುವ ಮರಳಿನ ಓಣಿಯನ್ನು ಗುರುತಿಸಿಕೊಳ್ಳುತ್ತೇನೆ, ದಂಡೆಯ ಒಂದು ತೆಂಗಿನ ಮರ ಮತ್ತು ಅದರ ಹಿಂದಿನ ತಗಡಿನ ಮಾಡು ಒಂದೇ ಗೆರೆಗೆ ಬರುವಂತೆ. ನೀರಿನಲ್ಲಿ ತಲೆ ಎತ್ತಿದಾಗ ಆ ಗೆರೆ ಮುರಿದಿದ್ದರೆ ಸೆಳೆತ ನಮ್ಮನ್ನು ಸರಿಸಿದೆ ಎಂದು ತಕ್ಷಣ ತಿಳಿಯುತ್ತದೆ. ಸೊಂಟದುದ್ದದ ನೀರಿನವರೆಗೆ ರಬ್ಬರ್ ಬೂಟಿನಲ್ಲಿ, ಮರಳಿನಲ್ಲಿ ಅಡಗಿದ ತೊರಕೆ ಮೀನು ಸರಿದುಹೋಗುವಂತೆ ಕಾಲನ್ನು ಎಳೆದುಕೊಂಡು ನಡೆಯಬೇಕು. ಫಿನ್ ಹಾಕುವುದು ಅಲ್ಲಿ. ಮೊದಲು ಸೆಳೆತಕ್ಕೆ ಎದುರಾಗಿ ಈಸಿ, ದಣಿದ ಮೇಲೆ ಸೆಳೆತದೊಡನೆ ಮರಳುವುದು. ಐದು ಲೀಟರಿನ ಎಣ್ಣೆ ಕ್ಯಾನಿಗೆ ಕಿತ್ತಳೆ ಬಣ್ಣ ಬಳಿದು, ಹಗ್ಗ ಕಟ್ಟಿ ಎಳೆದೊಯ್ಯುವ ನಮ್ಮ ತೇಲುಬುರುಡೆಗೆ ನೂರೈವತ್ತು ರೂಪಾಯಿ ಖರ್ಚು, ಅಂಗಡಿಯದಕ್ಕೆ ಎರಡು ಸಾವಿರ. ಬೇಗ ಬಂದ ದೋಣಿಯವರು ಅದನ್ನು ನೋಡಿಯೇ ದೂರ ಸರಿದರು. ಇಬ್ಬಿಬ್ಬರು ಜೋಡಿ, ಒಬ್ಬರು ಮುಳುಗಿದರೆ ಇನ್ನೊಬ್ಬರು ಮೇಲೆ. ದಂಡೆಯ ಜೀವರಕ್ಷಕರನ್ನು ಮೊಸಳೆಯ ಎಚ್ಚರಿಕೆ ಇದೆಯೇ ಎಂದು ಪ್ರತಿ ಬೆಳಿಗ್ಗೆ ಕೇಳದೆ ಇಳಿಯುವುದಿಲ್ಲ.

ಆ ಬೆಳಗುಗಳಲ್ಲಿ ಕಂಡದ್ದನ್ನೆಲ್ಲ ಬರೆಯಹೊರಟರೆ ಲೇಖನ ಮುಗಿಯದು. ಎತ್ತಿನ ಬಂಡಿಯಷ್ಟು ದೊಡ್ಡ ಗುಂಡು ಹವಳಗಳಿದ್ದವು. ಅಂಥವು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ಅವುಗಳ ವಯಸ್ಸು ಶತಮಾನಗಳ ಲೆಕ್ಕ. ಅವನ್ನು ಕೆರೆದು ತಿನ್ನುತ್ತಿದ್ದ ಗಿಳಿಮೀನುಗಳ ಹಲ್ಲಿನ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ. ನೀಲಿ ನಕ್ಷತ್ರಮೀನು, ತುಟಿ ತೆರೆದ ದೈತ್ಯ ಚಿಪ್ಪು, ಕಡಲ ಹೂವಿನ ಕೈಗಳ ನಡುವೆ ಅಡಗುವ ಕೋಡಂಗಿ ಮೀನು ಎಲ್ಲವೂ ಇದ್ದವು. ಕೊಂಬೆ ಹವಳಗಳು ಬಿಳಿಚಿ ಸತ್ತು ಪಾಚಿ ಹಿಡಿದ ಜಾಗಗಳೂ ಕಡಿಮೆಯಿರಲಿಲ್ಲ; ನೀರು ಬಿಸಿಯೇರಿದ 2010, 2016ರಂಥ ವರ್ಷಗಳ ಪೆಟ್ಟು ಅಂಡಮಾನಿಗೂ ಬಿದ್ದಿದೆ. ಸನ್‌ಸ್ಕ್ರೀನಿನ ಬದಲು ತುಂಬುತೋಳಿನ ಅಂಗಿಯನ್ನೇ ನೆಚ್ಚಿದೆವು, ಮೊಣಕಾಲ ಹಿಂಬದಿ ಸುಟ್ಟಿತು. ಮುಂದಿನ ಸಲ ಪೂರ್ತಿ ಕಾಲಿನ ಬಿಗಿ ಪ್ಯಾಂಟು. ಒಂದು ಹರಳನ್ನೂ ಜೇಬಿಗೆ ಹಾಕಬಾರದು: ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಸತ್ತ ತುಂಡು ಸಿಕ್ಕರೂ ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳಬೇಕಾಗುತ್ತದೆ.

ಖರ್ಚಿನ ಲೆಕ್ಕ ನೆನಪಿನಿಂದ: ಕಲಬುರಗಿಯಿಂದ ಚೆನ್ನೈಗೆ ಸುಮಾರು 700 ಕಿಲೋಮೀಟರ್ ರೈಲು, ಹೋಗಿ ಬರಲು ಎ.ಸಿ. ಮೂರನೆಯ ದರ್ಜೆಯಲ್ಲಿ ಎರಡೂವರೆ ಸಾವಿರದ ಒಳಗೆ. ಅಲ್ಲಿಂದ ವಿಮಾನಕ್ಕೆ ಎರಡೂ ಕಡೆ ಸೇರಿ ಹನ್ನೆರಡು-ಹದಿಮೂರು ಸಾವಿರ. ದ್ವೀಪಕ್ಕೆ ಹಡಗು ಎರಡು ಸಾವಿರ, ಸರ್ಕಾರಿ ಹಡಗು ಸಿಕ್ಕರೆ ಅದರ ಅರ್ಧವೂ ಇಲ್ಲ. ವಸತಿ, ಊಟ ಏಳೆಂಟು ಸಾವಿರ. ಸಲಕರಣೆ ಬಿಟ್ಟು ತಲೆಗೆ ಇಪ್ಪತ್ತೈದು ಸಾವಿರದ ಒಳಗೆ ಮುಗಿಯಿತು. ಸಲಕರಣೆಗೆ ಒಂದು ಸಲ ಏಳು ಸಾವಿರ ಹಾಕಿದರೆ ಹಲವು ವರ್ಷ ಬರುತ್ತದೆ, ಊರಿಗೆ ಬಂದ ಕೂಡಲೇ ಸಿಹಿನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ. ನಮ್ಮ ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಗಾಜಿನ ಮೇಲೆ ಸುಣ್ಣದ ಪದರ ಕೂರುತ್ತದೆ. ಅದೇ ದಂಡೆಯಲ್ಲಿ ಗೈಡಿನೊಡನೆ ಸ್ನಾರ್ಕೆಲ್ ಮಾಡಿದವರು ಅರ್ಧ ಗಂಟೆಗೆ ಸಾವಿರದ ಮೇಲೆ ಕೊಟ್ಟು, ರಬ್ಬರ್ ಬಳೆ ಹಿಡಿದು, ಎರಡನೆಯ ಪಟ್ಟಿಯಲ್ಲಿಯೇ ಸುತ್ತಿ ಬಂದರು.

ಮುಂದಿನ ತಂಡಕ್ಕೆ ಈಗಾಗಲೇ ಐವರು ಹೆಸರು ಕೊಟ್ಟಿದ್ದಾರೆ, ಅವರಲ್ಲಿ ಇಬ್ಬರು ಬೀದರಿನವರು. ರೈಲಿನ ಮುಂಗಡ ಬುಕಿಂಗ್ ಈಗ ಅರವತ್ತು ದಿನ ಮೊದಲು ತೆರೆಯುತ್ತದೆ. ದ್ವಾದಶಿಯ ಬೆಳಿಗ್ಗೆ ನೀರಿನಲ್ಲಿರಬೇಕಾದರೆ ನವಮಿಯ ದಿನ ಊರು ಬಿಡಬೇಕು, ಟಿಕೆಟ್ ಅದರ ಪ್ರಕಾರವೇ ಆಗಲಿ.