ಕಳುವಾದ ಬೈಕು ಸಿಕ್ಕಿತು, ಮನೆಗೆ ತರುವುದು ಹೇಗೆ?

ಹುಬ್ಬಳ್ಳಿಯಲ್ಲಿ ಕಳುವಾದ ಬೈಕನ್ನು ಪೊಲೀಸರು ಕಳ್ಳನ ಕೈಯಿಂದ ಜಪ್ತಿ ಮಾಡುತ್ತಾರೆ. ಮಾಲೀಕರು ಖುಷಿಯಿಂದ ಠಾಣೆಗೆ ಓಡುತ್ತಾರೆ. ಗಾಡಿ ಕಣ್ಣೆದುರಿಗಿದ್ದರೂ ಕೈಗೆ ಬರುವುದಿಲ್ಲ. ‘ನಾಳೆ ಬಾ ಅಂದಾರ್ರೀ’ ಎನ್ನುತ್ತಲೇ ಮಳೆಗಾಲ ಕಳೆದವರನ್ನು, ಸೀಟು ಹರಿದು ಟ್ಯಾಂಕು ತುಕ್ಕು ಹಿಡಿದ ಮೇಲೆ ಕೋರ್ಟಿಗೆ ಬಂದವರನ್ನು ಎಷ್ಟೋ ಸಲ ಕಂಡು ಮರುಗಿದ್ದೇನೆ. ಜಪ್ತಿಯಾದ ಗಾಡಿಗೆ ಕೋರ್ಟಿನ ಆದೇಶ ಬೇಕು. ಮೊದಲ ವಾರವೇ ಅರ್ಜಿ ಹಾಕಿ.

ಠಾಣೆಯಲ್ಲಿ ಕೇಳಬೇಕಾದ್ದು ಅಪರಾಧ ಸಂಖ್ಯೆ ಮತ್ತು ಪಿ.ಎಫ್. ನಂಬರು (ಜಪ್ತಿಯಾದ ವಸ್ತುವಿಗೆ ಠಾಣೆಯವರು ಕೊಡುವ ಸಂಖ್ಯೆ), ಇವೆರಡೇ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ.

ಅರ್ಜಿ ಹೋಗುವುದು ಆ ಠಾಣೆಯ ವ್ಯಾಪ್ತಿಯ ಜೆಎಂಎಫ್‌ಸಿ ಕೋರ್ಟಿಗೆ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೋರ್ಟಿಗೆ. 2024ರ ಜುಲೈ 1ರಿಂದ ಇದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ; ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 457. ಹಳೆಯ ಕಲಂ ಅಚ್ಚಾದ ಸಿದ್ಧ ನಮೂನೆಗಳನ್ನು ಕೊಳ್ಳಬೇಡಿ.

ಕೆಲಸ ಕೆಡುವುದು ನಂಬರಿನಲ್ಲಿ. ಆರ್‌ಸಿ, ಪಂಚನಾಮೆ, ಅರ್ಜಿ ಮೂರರಲ್ಲೂ ಚಾಸಿ ನಂಬರು ಒಂದೇ ಇರಬೇಕು. ಈಗಿನ ಗಾಡಿಗಳಿಗೆ ಅದು 17 ಅಕ್ಷರ, ಅಂಕಿಗಳದ್ದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬಳಸುವುದಿಲ್ಲ. ಪಂಚನಾಮೆಯಲ್ಲಿ ‘ಓ’ ಕಂಡರೆ ಅದು ಸೊನ್ನೆಯೇ ಎಂದು ತಿಳಿಯಿರಿ. ಮಣ್ಣು ಮೆತ್ತಿದ ಲೋಹದ ಮೇಲಿನ 8 ಎಷ್ಟೋ ಸಲ 3 ಎಂದು ದಾಖಲಾಗುತ್ತದೆ. ಗಾಡಿಯ ಬಳಿ ಹೋಗಿ, ನಂಬರು ಒತ್ತಿದ ಜಾಗವನ್ನು ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಮೂಡಿದ ಅಚ್ಚನ್ನು ಆರ್‌ಸಿ ಜತೆ ಒಂದೊಂದೇ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ತನಿಖಾಧಿಕಾರಿಗೆ ಅಂದೇ ಲಿಖಿತವಾಗಿ ತಿಳಿಸಿ. ಸರ್ಕಾರಿ ವಕೀಲರ ತಕರಾರು ಬಂದಮೇಲೆ ತಿದ್ದಲು ಹೊರಟರೆ ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ.

ಗಾಡಿ ಕೊಂಡು ಆರ್‌ಸಿಯಲ್ಲಿ ಹೆಸರು ಬದಲಿಸದವರದು ಇನ್ನೂ ದೊಡ್ಡ ಫಜೀತಿ. ಖರೀದಿ ಕರಾರಿನ ಬಾಂಡ್ ಪೇಪರ್ ತೋರಿಸಿದರೆ ಸಾಲದು. ಹಳೆಯ ಮಾಲೀಕರ ಒಪ್ಪಿಗೆಯ ಪ್ರಮಾಣಪತ್ರವನ್ನೂ (ಅಫಿಡವಿಟ್) ತನ್ನಿ.

ಆದೇಶವಾದ ಮೇಲೆ ಕೋರ್ಟಿಗೆ ಬಾಂಡು, ಅಂದರೆ ಮುಚ್ಚಳಿಕೆ, ಬರೆದುಕೊಡಬೇಕು. ಜಾಮೀನುದಾರರನ್ನು ಕೇಳಿದರೆ ಅವರ ಹೊಲದ ಉತಾರ (ಪಹಣಿ), ಆಧಾರ್ ಸಿದ್ಧವಿರಲಿ. ಕೋರ್ಟಿನ ಬಾಗಿಲಲ್ಲಿ ಸಿಗುವ ಬಾಡಿಗೆ ಜಾಮೀನುದಾರರ ಸಹವಾಸ ಬೇಡವೇ ಬೇಡ. ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಡಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ.

ಅಬಕಾರಿ, ಅರಣ್ಯ ಕಾಯ್ದೆಯ ಜಪ್ತಿಗೆ ದಾರಿ ಬೇರೆ. ಆಯಾ ಇಲಾಖೆಯ ಅಧಿಕಾರಿಗೇ ಮುಟ್ಟುಗೋಲಿನ ಅಧಿಕಾರವಿದೆ.

ಆದೇಶದ ದೃಢೀಕೃತ ಪ್ರತಿ ಹಿಡಿದು ಠಾಣೆಗೆ ಹೋದಾಗ ಬ್ಯಾಟರಿ, ಕನ್ನಡಿ, ಟೈರು ನೋಡಿಯೇ ಸಹಿ ಹಾಕಿ. ಷರತ್ತು ಹಾಕಿದ್ದರೆ ಕೇಸು ಮುಗಿಯುವವರೆಗೆ ಮಾರುವಂತಿಲ್ಲ, ಬಣ್ಣ ಬದಲಿಸುವಂತಿಲ್ಲ, ಕೋರ್ಟು ಕರೆದಾಗ ಗಾಡಿ ಸಮೇತ ಹಾಜರಾಗಬೇಕು.