ಪ್ಲಗಿನ್ ಅಪ್‌ಡೇಟ್ ಆಯ್ತು, ಸೈಟ್ ಕೈಕೊಡ್ತು: ಡಿಲೀಟ್ ಒತ್ತುವ ಮುಂಚೆ ಓದಿ

ಇಳಕಲ್ ಸೀರೆ ಇರಲಿ, ಗುಳೇದಗುಡ್ಡದ ಖಣ ಇರಲಿ, ಬಾಗಲಕೋಟೆ ಕಡೆಯ ಅಂಗಡಿಯವರು ಈಗ ಸ್ವಂತ ವೆಬ್‌ಸೈಟ್‌ನಲ್ಲೂ ಮಾರುತ್ತಾರೆ. ನಾನು ನೋಡಿದವು ಬಹುತೇಕ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ತಂತ್ರಾಂಶ), ಅದರ ಮೇಲೆ ವೂಕಾಮರ್ಸ್ (ಅಂಗಡಿ ನಡೆಸುವ ಪ್ಲಗಿನ್, ಅಂದರೆ ವರ್ಡ್‌ಪ್ರೆಸ್‌ಗೆ ಜೋಡಿಸುವ ಹೆಚ್ಚುವರಿ ತಂತ್ರಾಂಶ). ಪ್ಲಗಿನ್ ಅಪ್‌ಡೇಟ್ ಆದ ಮೇಲೆ ಡೇಟಾಬೇಸ್ (ಆರ್ಡರ್, ಗಿರಾಕಿಗಳ ವಿವರ ಇರುವ ಜಾಗ) ಎರರ್ ಬಂದರೆ ಗಾಬರಿಯಲ್ಲಿ ಮಾಡುವ ಕೆಲಸ ಒಂದೇ: ಪ್ಲಗಿನ್ ಡಿಲೀಟ್ ಮಾಡಿ ಮತ್ತೆ ಹಾಕುವುದು. ಹಾಗೆ ಮಾಡಲೇಬೇಡಿ. ಎಷ್ಟೋ ಪ್ಲಗಿನ್‌ಗಳು ಹೋಗುವಾಗ ಡೇಟಾಬೇಸ್‌ನಲ್ಲಿರುವ ತಮ್ಮ ಟೇಬಲ್‌ಗಳನ್ನೂ (ಡೇಟಾ ಬರೆದಿಡುವ ಪಟ್ಟಿಗಳನ್ನೂ) ಅಳಿಸಿಕೊಂಡು ಹೋಗುತ್ತವೆ. ಡಿಆಕ್ಟಿವೇಟ್, ಅಂದರೆ ಬರೀ ಆಫ್ ಮಾಡಿದರೆ ಡೇಟಾ ಉಳಿಯುತ್ತದೆ.

ಮೊದಲು ಎರರ್ ಸಾಲನ್ನು ಪೂರ್ತಿ ಓದಿ, ಫೋಟೊ ತೆಗೆದಿಟ್ಟುಕೊಳ್ಳಿ. ‘ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್’ ಅಂತಿದ್ದರೆ ಸಾಮಾನ್ಯವಾಗಿ ಪ್ಲಗಿನ್ ತಪ್ಪಲ್ಲ. ಡೇಟಾಬೇಸ್ ಸರ್ವರ್ ನಿಂತಿರುತ್ತದೆ, ಇಲ್ಲವೇ ಸೈಟ್‌ನ ಸೆಟ್ಟಿಂಗ್ ಇರುವ ಡಬ್ಲ್ಯುಪಿ-ಕಾನ್ಫಿಗ್ ಫೈಲ್‌ನಲ್ಲಿರುವ ಪಾಸ್‌ವರ್ಡ್ ತಾಳೆಯಾಗುತ್ತಿರುವುದಿಲ್ಲ. ಸೈಟ್‌ಗೆ ಸರ್ವರ್ ಜಾಗ ಕೊಟ್ಟಿರುವ ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ.

‘ಅನ್‌ನೋನ್ ಕಾಲಮ್’ ಅಥವಾ ‘ಟೇಬಲ್ ಡಸಂಟ್ ಎಕ್ಸಿಸ್ಟ್’ ಅಂತಿದ್ದರೆ ಮುಂದೆ ಓದಿ. ಪ್ಲಗಿನ್ ಫೈಲ್ ಹೊಸದು, ಟೇಬಲ್ ಹಳೆಯದು, ಅಷ್ಟೇ. ಹೊಸ ಗುಮಾಸ್ತ ಜಿಎಸ್‌ಟಿ ಕಾಲಮ್ ಹುಡುಕುತ್ತಾನೆ, ಹಳೇ ಕೀರ್ದಿಯಲ್ಲಿ ಆ ಕಾಲಮ್ಮೇ ಇಲ್ಲ.

ಡೇಟಾಬೇಸ್ ತೆರೆದು ನೋಡುವ ಪಿಎಚ್‌ಪಿಮೈಅಡ್ಮಿನ್‌ಗೆ ಹೋಗಿ ಇಡೀ ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡಿ. ಕೆಟ್ಟ ಸ್ಥಿತಿಯದ್ದಾದರೂ ಬ್ಯಾಕಪ್ ಬೇಕು. ಫೈಲ್ ತೆರೆದು ಕನ್ನಡ ಹೆಸರುಗಳು ಓದಲು ಬರುತ್ತವೆಯೇ ನೋಡಿ. ಬರೀ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅದು ಕೆಲಸಕ್ಕೆ ಬಾರದ ಬ್ಯಾಕಪ್.

ಈಗ ಜನ ಎಡವುವ ಜಾಗ. ಪ್ಲಗಿನ್ ಆಕ್ಟಿವೇಟ್ ಮಾಡಿದಾಗ ಟೇಬಲ್ ಕಟ್ಟುವ ಕೋಡ್ ಓಡುತ್ತದೆ, ಆದರೆ ಅಪ್‌ಡೇಟ್ ಮಾಡಿದಾಗ ಅದು ತಾನಾಗಿ ಓಡುವುದಿಲ್ಲ. ಹಾಗಾಗಿ ಒಮ್ಮೆ ಡಿಆಕ್ಟಿವೇಟ್ ಮಾಡಿ ಮತ್ತೆ ಆಕ್ಟಿವೇಟ್ ಮಾಡಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ವರ್ಡ್‌ಪ್ರೆಸ್ ಡ್ಯಾಶ್‌ಬೋರ್ಡೇ ತೆರೆಯುತ್ತಿಲ್ಲವಾ? ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ನಲ್ಲಿ ಪ್ಲಗಿನ್ಸ್ ಫೋಲ್ಡರ್‌ಗೆ ಹೋಗಿ, ಆ ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಿಸಿ. ಈಗ ಡ್ಯಾಶ್‌ಬೋರ್ಡ್ ಒಳಗೆ ಹೋಗಿ ಪ್ಲಗಿನ್ ಪಟ್ಟಿಯನ್ನು ಒಮ್ಮೆ ತೆರೆಯಿರಿ, ವರ್ಡ್‌ಪ್ರೆಸ್ ಅದನ್ನು ತಾನೇ ಡಿಆಕ್ಟಿವೇಟ್ ಮಾಡುತ್ತದೆ. ಆಮೇಲೆ ಹಳೇ ಹೆಸರು ಕೊಟ್ಟು ಆಕ್ಟಿವೇಟ್ ಮಾಡಿ.

ವೂಕಾಮರ್ಸ್‌ಗೆ ಬೇರೆ ದಾರಿ ಇದೆ. ಅದರ ಮೆನುವಿನಲ್ಲಿ ಸ್ಟೇಟಸ್‌ನ ಟೂಲ್ಸ್‌ಗೆ ಹೋಗಿ ‘ಅಪ್‌ಡೇಟ್ ಡೇಟಾಬೇಸ್’ ಒತ್ತಿ. ಟೇಬಲ್ಲೇ ಇಲ್ಲದಿದ್ದರೆ ‘ವೆರಿಫೈ ಬೇಸ್ ಡೇಟಾಬೇಸ್ ಟೇಬಲ್ಸ್’ ಕೂಡ ಅಲ್ಲೇ ಇದೆ. ಒಂದೇ ಸಲ ಒತ್ತಿ, ಕಾಯಿರಿ. ಕೆಲಸ ಸರ್ವರ್‌ನಲ್ಲಿ ಹಿಂದಿನಿಂದ ನಡೆಯುತ್ತದೆ, ನಿಮ್ಮಲ್ಲಿ ಕರೆಂಟ್ ಹೋದರೂ ನಿಲ್ಲುವುದಿಲ್ಲ. ಎಷ್ಟು ಉಳಿದಿದೆ ಅಂತ ‘ಶೆಡ್ಯೂಲ್ಡ್ ಆಕ್ಷನ್ಸ್’ನಲ್ಲಿ ಕಾಣುತ್ತದೆ. ಒಂದು ಮಾತು: ವರ್ಡ್‌ಪ್ರೆಸ್‌ನ ಇಂಥ ಕೆಲಸಗಳು ಸೈಟ್‌ಗೆ ಯಾರಾದರೂ ಬಂದಾಗ ಮುಂದಕ್ಕೆ ಹೋಗುತ್ತವೆ. ನಿಮ್ಮ ಸೈಟ್‌ಗೆ ರಾತ್ರಿ ಹೊತ್ತು ಯಾರೂ ಬರುವುದಿಲ್ಲ ಅಂದ್ರೆ ನೀವೇ ಆಗಾಗ ತೆರೆಯಿರಿ.

ಇಷ್ಟಾದರೂ ಬಗ್ಗದಿದ್ದರೆ ಕಾನ್ಫಿಗ್ ಫೈಲ್‌ನಲ್ಲಿ ಡಿಬಗ್ ಲಾಗ್ (ಎರರ್‌ಗಳನ್ನು ಬರೆದಿಡುವ ಫೈಲ್) ಆನ್ ಮಾಡಿ. ಅದರಲ್ಲಿ ‘ಆಲ್ಟರ್ ಕಮಾಂಡ್ ಡಿನೈಡ್’ ಅಂತ ಸಿಕ್ಕರೆ ಕಳ್ಳ ಸಿಕ್ಕಿದ ಹಾಗೆ. ಡೇಟಾಬೇಸ್ ಯೂಸರ್‌ಗೆ ಟೇಬಲ್ ಬದಲಿಸುವ ಅನುಮತಿ ಇಲ್ಲ. ಹೋಸ್ಟಿಂಗ್ ನೋಡಿಕೊಳ್ಳುವ ಸಿಪ್ಯಾನೆಲ್‌ನಲ್ಲಿ ‘ಆಲ್ ಪ್ರಿವಿಲೆಜಸ್’ ಕೊಟ್ಟು ಅಪ್‌ಡೇಟ್ ಮತ್ತೆ ಓಡಿಸಿ. ಹೋಸ್ಟಿಂಗ್ ಜಾಗ ತುಂಬಿದ್ದರೂ ಟೇಬಲ್ ಬದಲಾಗುವುದಿಲ್ಲ, ಅದನ್ನೂ ನೋಡಿ.

‘ಒಂದೇ ಕ್ಲಿಕ್‌ನಲ್ಲಿ ಡೇಟಾಬೇಸ್ ಕ್ಲೀನ್’ ಅನ್ನುವ ಪ್ಲಗಿನ್‌ಗಳನ್ನು ಸುಮ್ನೆ ದೂರ ಇಡಿ. ‘ರಿಪೇರ್ ಟೇಬಲ್’ ಕೂಡ ಇಲ್ಲಿ ಉಪಯೋಗಕ್ಕಿಲ್ಲ, ಇಲ್ಲದ ಕಾಲಮ್ ಅದರಿಂದ ಹುಟ್ಟುವುದಿಲ್ಲ. ಮೊನ್ನೆಯ ಬ್ಯಾಕಪ್ ಇಡಿಯಾಗಿ ವಾಪಸ್ ಹಾಕುವುದು ಎಲ್ಲಕ್ಕಿಂತ ಕೊನೆಗೆ. ನಡುವೆ ಬಂದ ಆರ್ಡರ್‌ಗಳು ಅಳಿಸಿ ಹೋಗುತ್ತವೆ, ಗಿರಾಕಿ ದುಡ್ಡು ಮಾತ್ರ ಕೊಟ್ಟಿರುತ್ತಾರೆ. ಬೇಕೇ ಬೇಕೆಂದರೆ ಆ ಆರ್ಡರ್‌ಗಳನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ.

ಸೈಟ್ ಎದ್ದ ಮೇಲೆ ನೀವೇ ಒಂದು ಖಣಕ್ಕೆ ಕ್ಯಾಶ್ ಆನ್ ಡೆಲಿವರಿ ಆರ್ಡರ್ ಹಾಕಿ. ವಿಳಾಸ ಕನ್ನಡದಲ್ಲೇ ಬರೆಯಿರಿ. ಆರ್ಡರ್ ಪಟ್ಟಿಯಲ್ಲಿ ಅದು ಸರಿಯಾಗಿ ಬಂದರೆ ಡಿಬಗ್ ಆಫ್ ಮಾಡಿ, ಲಾಗ್ ಫೈಲ್ ಅಳಿಸಿ. ಬಿಟ್ಟರೆ ಅದನ್ನು ಹೊರಗಿನವರೂ ಬ್ರೌಸರ್‌ನಲ್ಲಿ ತೆರೆದು ಓದಬಹುದು.