‘ದಾಖಲೆ’ ಎಂಬ ಪದದ ಮೂಲವನ್ನು ಹುಡುಕುವ ಬಗೆ

ಶಿರಸಿಯ ತಾಲೂಕು ಕಚೇರಿಯ ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತರೂ ‘ದಾಖಲೆ’ ಎಂಬ ಪದ ಹತ್ತಾರು ಸಲ ಕಿವಿಗೆ ಬೀಳುತ್ತದೆ. ಅದರ ಮೂಲವನ್ನು ತಿಳಿಯಬೇಕೆನ್ನುವವರು ನಿಘಂಟಿಗೆ ಕೈ ಹಾಕುವ ಮೊದಲು, ಅದು ಎಲ್ಲೆಲ್ಲಿ ಬಳಕೆಯಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಅಡಿಕೆ ತೋಟದ ಪಹಣಿ ಒಂದು ದಾಖಲೆ. ಮಗು ಶಾಲೆಗೆ ದಾಖಲಾಗುತ್ತದೆ, ರೋಗಿ ಆಸ್ಪತ್ರೆಗೆ ದಾಖಲಾಗುತ್ತಾನೆ, ದೂರು ಠಾಣೆಯಲ್ಲಿ ದಾಖಲಾಗುತ್ತದೆ. ಕಾಗದಕ್ಕಿಂತ ‘ಒಳಗೆ ಸೇರುವುದು’ ಎಂಬ ಅರ್ಥವೇ ಇವೆಲ್ಲವನ್ನೂ ಕಟ್ಟಿಹಾಕುವ ಎಳೆ. ಅರಬ್ಬಿಯಲ್ಲಿ ‘ದಖಲ’ ಎಂದರೆ ಒಳಹೊಕ್ಕನು ಎಂದರ್ಥ; ಪಾರಸಿಯ ಆಡಳಿತ ಭಾಷೆಯ ಮೂಲಕ ಈ ಧಾತುವಿನ ಪದಗಳು ನಮ್ಮ ಕಡೆಯ ಭಾಷೆಗಳಿಗೆ ಇಳಿದವು. ಲೆಕ್ಕದ ಪುಸ್ತಕದೊಳಗೆ ಹೊಕ್ಕ ಬರಹವೇ ದಾಖಲೆ.

ಮುಂದೆ ಅಕ್ಷರವನ್ನು ನೋಡಬೇಕು. ಮಾತಿನಲ್ಲಿ ನಾವು ‘ದಾಕ್ಲೆ’ ಎಂದೇ ಅನ್ನುವುದಾದರೂ ಬರೆಯುವಾಗ ಉಳಿದಿರುವ ‘ಖ’ ಎಂಬ ಮಹಾಪ್ರಾಣ, ಪದ ಹೊರಗಿನದೆಂಬ ಸುಳಿವು. ಕೊನೆಯ ‘ಎ’ಕಾರ ಮಾತ್ರ ನಮ್ಮದೇ: ಖಾತಾ ಖಾತೆಯಾದಂತೆ, ಜಿಲ್ಹಾ ಜಿಲ್ಲೆಯಾದಂತೆ, ದಾಖಲಾ ದಾಖಲೆಯಾಯಿತು. ಆ ‘ಲೆ’ಯನ್ನು ಓಲೆಗರಿಗೆ ಗಂಟು ಹಾಕುವ ಆಸೆ ಕೆಲವರಿಗೆ ಹುಟ್ಟಬಹುದು, ಧ್ವನಿಯ ಹೋಲಿಕೆಯೊಂದನ್ನೇ ನಂಬಿದರೆ ದಾರಿ ತಪ್ಪುವುದು ಹೀಗೆಯೇ.

ನೆರೆಯ ಭಾಷೆಗಳನ್ನೂ ಕೇಳಿ ನೋಡಬೇಕು, ಅದಕ್ಕೆ ಕಾರವಾರಕ್ಕಿಂತ ಒಳ್ಳೆಯ ಊರಿಲ್ಲ. ಕೊಂಕಣಿಯ ‘ದಾಖಲೊ’, ಮರಾಠಿಯ ‘ದಾಖಲಾ’ ಎರಡಕ್ಕೂ ಪ್ರಮಾಣಪತ್ರ ಎಂಬ ಅರ್ಥವಿದೆ. ಆದರೆ ಶಿರಸಿ, ಕಾರವಾರಗಳಿರುವ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತೆಂಬ ಕಾರಣಕ್ಕೆ, ಪದ ಆಗಲೇ ಮರಾಠಿಯಿಂದ ಬಂತೆಂದು ತೀರ್ಮಾನಿಸಬಾರದು. ಮುಂಬಯಿಯ ಆಳ್ವಿಕೆಯನ್ನೇ ಕಾಣದ ಹಳೆ ಮೈಸೂರಿನವರಿಗೂ ಇದೇ ಪದ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆಯಬೇಕಾದದ್ದು ಇಷ್ಟೆಲ್ಲ ಆದ ಮೇಲೆ.

ಓಟಗಾರನ ‘ದಾಖಲೆ’ಯನ್ನು ಈ ಪಟ್ಟಿಯಿಂದ ಬೇರೆ ಇಡುವುದು ಲೇಸು, ಅದು ಇಂಗ್ಲಿಷಿನ ‘ರೆಕಾರ್ಡ್’ ಪದದ ಎರಡನೆಯ ಅರ್ಥ ಕನ್ನಡಕ್ಕೆ ಅಂಟಿಕೊಂಡದ್ದು. ಕಚೇರಿಯಲ್ಲಿ ದಾಖಲೆಯ ಜೊತೆಗೇ ಕೇಳಿಬರುವ ‘ಕಡತ’ಕ್ಕಾದರೋ ಧಾತುವಿಗಿಂತ ಮೊದಲು ವಸ್ತುವನ್ನೇ ನೋಡಬೇಕು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಆ ಕಪ್ಪಿನ ಮೇಲೆ ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಕಡತವೆಂದು ಹೆಸರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಇಂದು ಅದೇ ಹೆಸರನ್ನು ಹೊತ್ತಿರುವುದು ಗುಮಾಸ್ತರ ಮೇಜಿನ ಮೇಲೆ ದಾರ ಕಟ್ಟಿ ಇಟ್ಟ ರಟ್ಟಿನ ಫೈಲು.